ತೆರೆಯ ಅಂಚಿನಲ್ಲಿ ನಿಂತವರು



ಕೆಟ್ಟ ಪುಸ್ತಕವನ್ನು ಓದಿದವನು ಆ ಸಂಗತಿಯನ್ನು ಯಾರಿಗೂ ತಿಳಿಸದೆ ಇದ್ದುಬಿಡಬಲ್ಲನು. ಕೆಟ್ಟ ಸಿನಿಮಾ ನೋಡಿದವನಿಗೆ ಆ ಸಂಯಮವಿಲ್ಲ. ನಾಲ್ಕು ಜನರ ಮುಂದೆ ಅದರ ಕಥೆಯನ್ನು ಹೇಳಿ ಮುಗಿಸುವವರೆಗೆ ಅವನಿಗೆ ಸಮಾಧಾನವಾಗದು. ನಾವೂ ಈ ಹೊತ್ತು ಅಂಥ ಸ್ಥಿತಿಯಲ್ಲಿಯೇ ತಮ್ಮ ಮುಂದೆ ಬಂದಿದ್ದೇವೆ. ಕೆಲವು ದಿನಗಳ ಕೆಳಗೆ ನಾವು ನೋಡಿದ್ದು ೧೯೩೧ನೆಯ ಇಸವಿಯಲ್ಲಿ ಹಾಲಿವುಡ್ಡಿನ ಯೂನಿವರ್ಸಲ್ ಸಂಸ್ಥೆಯವರು ತಯಾರಿಸಿದ ಒಂದು ಕಾಡಿನ ಚಿತ್ರ. ‘ಈಸ್ಟ್ ಆಫ್ ಬೋರ್ನಿಯೋ’, ಎಂದರೆ ಬೋರ್ನಿಯೋವಿನ ಮೂಡಲಿಗೆ, ಎಂದು ಅದರ ಹೆಸರು. ಜಾರ್ಜ್ ಮೆಲ್‌ಫೋರ್ಡ್ ಎಂಬಾತನು ನಿರ್ದೇಶಕ. ಚಲಚ್ಚಿತ್ರಗಳ ಚರಿತ್ರೆಯನ್ನು ಬರೆದವರು ಇದಕ್ಕೆ ಹೆಚ್ಚು ಜಾಗ ಕೊಟ್ಟಿಲ್ಲ. ಕೊಡಬೇಕೆಂದು ನಾವೂ ಒತ್ತಾಯ ಮಾಡುವುದಿಲ್ಲ. ಆದರೂ ಆ ಸಂಜೆ ಕಳೆದ ಮೇಲೆ ಒಂದು ವಿಷಯವು ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ. ಅದನ್ನು ತಮ್ಮ ಮುಂದೆ ಇಡಬೇಕೆಂಬುದೇ ಈ ಭಾಷಣದ ಉದ್ದೇಶ.

ಚಿತ್ರವನ್ನು ನೋಡಿದ ಸ್ಥಳವನ್ನು ಮೊದಲು ಹೇಳಬೇಕು. ತಿರುಮಕೂಡಲು ನರಸೀಪುರದಲ್ಲಿ, ಕಪಿಲಾ ನದಿಗೆ ಸಮೀಪದಲ್ಲಿ, ನಮ್ಮ ಮಿತ್ರರೊಬ್ಬರ ಹಳೆಯ ಮನೆಯಿದೆ. ನಂಜನಗೂಡಿನಿಂದ ನಾವು ಮೂವರು, ಈಗ ಅಪರೂಪವಾಗಿಬಿಟ್ಟಿರುವ ರಸಬಾಳೆಯ ಒಂದು ಚಿಪ್ಪನ್ನು ಕೈಯಲ್ಲಿ ಹಿಡಿದು, ಬಸ್ಸಿನಲ್ಲಿ ಹೊರಟೆವು. ನಮ್ಮ ಊರಿನಲ್ಲಿ ಶ್ರೀಕಂಠೇಶ್ವರನ ಭಕ್ತರು ಮುಳುಗಿ ಏಳುವ ನೀರೇ ಮಿತ್ರರ ಊರಿಗೆ ಹರಿದು ಬಂದು ಅಲ್ಲಿ ಕಾವೇರಿಯನ್ನು ಕೂಡುತ್ತದೆ. ಆದುದರಿಂದ ನಾವು ಬಸ್ಸಿನಲ್ಲಿಯೂ ಹೊಳೆಯು ತನ್ನ ದಾರಿಯಲ್ಲಿಯೂ ಒಂದೇ ಕಡೆಗೆ ಹೋಗುತ್ತಿದ್ದೆವೆಂದು ಹೇಳಬಹುದು.

ಮಿತ್ರರು ಗಣಕಯಂತ್ರಕ್ಕೆ ಒಂದು ಸಣ್ಣ ದೀಪದ ಪೆಟ್ಟಿಗೆಯನ್ನು ಜೋಡಿಸಿ, ಪಡಸಾಲೆಯ ಸುಣ್ಣದ ಗೋಡೆಯನ್ನೇ ಬೆಳ್ಳಿತೆರೆಯನ್ನಾಗಿ ಮಾಡಿದ್ದರು. ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ಹಳೆಯ ಪಟಗಳು ಅಡ್ಡಬಂದುವು. ನಾವೇ ಅವನ್ನು ಒಂದೊಂದಾಗಿ ಇಳಿಸಿ ಮಂಚದ ಮೇಲೆ ಬೋರಲು ಮಲಗಿಸಿದೆವು. ಮಿತ್ರರ ತಾಯಿ, ಎಂಬತ್ತು ದಾಟಿದವರು, ಒಂದು ಮಣೆಯ ಮೇಲೆ ಕುಳಿತು ಗೋಡೆಗೆ ಒರಗಿದರು. ಅವರಿಗೆ ಇಂಗ್ಲಿಷು ಬಾರದು. ಹಿಂದೆ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಮರಳಿನ ಮೇಲೆ ಕುಳಿತು ಚಿತ್ರ ನೋಡಿದ ಯಾರಿಗೂ ಭಾಷೆ ಬಾರದುದು ಒಂದು ಕೊರತೆಯಾಗಿ ತೋರಿದುದಿಲ್ಲ.

ಕಥೆಯನ್ನು ಸಂಗ್ರಹವಾಗಿ ಹೇಳುತ್ತೇವೆ. ಲಿಂಡಾ ಎಂಬ ಶ್ವೇತಸುಂದರಿ, ತನ್ನ ಮೇಲೆ ತಪ್ಪು ತಿಳಿದು ಬಿಟ್ಟುಹೋದ ಗಂಡನನ್ನು ಹುಡುಕಿಕೊಂಡು, ಎಲ್ಲರೂ ಬೇಡವೆಂದರೂ ಕೇಳದೆ, ಘೋರಾರಣ್ಯವನ್ನು ಹೊಗುತ್ತಾಳೆ. ಗಂಡನಾದ ವೈದ್ಯನು ಮರುಡು ಎಂಬ ಕಾಡಿನ ಸಂಸ್ಥಾನದಲ್ಲಿ ಆಸ್ಥಾನ ವೈದ್ಯನಾಗಿ, ಕುಡಿತಕ್ಕೆ ಸಿಕ್ಕಿ ದಿನ ನೂಕುತ್ತಿರುವನು. ಅಲ್ಲಿಯ ರಾಜನು ಹಾಶಿಮ್: ಯೂರೋಪಿನ ನಯವನ್ನು ಕಲಿತ ನಾಲಿಗೆ, ಪೂರ್ವದೇಶದ ರುಮಾಲು, ಪರಸ್ತ್ರೀಯ ಮೇಲೆ ಕಣ್ಣು. ಅರಮನೆಯ ಹಿಂದೆ ಹೊಗೆಯಾಡುವ ಅಗ್ನಿಪರ್ವತ. ನೀರಿನ ತುಂಬ ಮೊಸಳೆ. ರಾಜವಂಶವು ಅಳಿದ ದಿನ ಬೆಟ್ಟವು ಸಿಡಿದು ರಾಜ್ಯವೇ ನಾಶವಾಗುವುದೆಂದು ಪ್ರತೀತಿ. ಮುಂದೇನಾಗುವುದೆಂಬುದನ್ನು ತಾವೇ ಊಹಿಸಬಲ್ಲಿರಿ. ಗುಂಡು ಹಾರುತ್ತದೆ, ಬೆಟ್ಟ ಸಿಡಿಯುತ್ತದೆ, ಗಂಡಹೆಂಡಿರು ಒಂದಾಗಿ ಪಾರಾಗುತ್ತಾರೆ, ಸಂಸ್ಥಾನವು ಬೂದಿಯಾಗುತ್ತದೆ. ಎಲ್ಲವೂ ಸುಮಾರು ಒಂದೂಕಾಲು ಗಂಟೆಯೊಳಗೆ.

ನಾವು ಬಹಳ ನಕ್ಕೆವು. ಒಂದು ಕಾಲದಲ್ಲಿ ಸಂಸ್ಥಾನವಾಗಿದ್ದ ಸೀಮೆಯವರಾದ ನಮಗೆ ಆ ಕಾಡಿನ ಮಹಾರಾಜನನ್ನು ಕಂಡು ನಗು ಬಾರದೆ ಹೇಗಿದ್ದೀತು? ಆ ಚಿತ್ರ ತಯಾರಾದ ೧೯೩೧ರ ವೇಳೆಗೆ ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿಯಲು ಪ್ರಾರಂಭವಾಗಿ ೨೯ ವರ್ಷಗಳು ಕಳೆದಿದ್ದುವು. ವಿಶ್ವವಿದ್ಯಾನಿಲಯಕ್ಕೆ ೧೫ ವರ್ಷ ತುಂಬಿತ್ತು. ಆದರೆ ಹಾಲಿವುಡ್ಡಿನವರಿಗೆ ಪೂರ್ವದೇಶದ ಅರಸು ಎಂದರೆ ಒಂದು ಸಿಂಹಾಸನ, ಒಂದು ಅಂತಃಪುರ ಮತ್ತು ಒಂದು ಮೊಸಳೆಯ ಮಡು, ಅಷ್ಟು ಸಾಕು. ಭೂಗೋಳದ ವಿಷಯವೂ ಹಾಗೆಯೇ. ಮರುಡು ಎಂಬ ಹೆಸರು ಕೇವಲ ಕಲ್ಪನೆಯಲ್ಲ. ಬೋರ್ನಿಯೋವಿನ ಉತ್ತರದ ತುದಿಯಲ್ಲಿ ಆ ಹೆಸರಿನ ಕೊಲ್ಲಿಯೊಂದುಂಟು. ೧೮೪೫ರಲ್ಲಿ ಅಲ್ಲಿಯ ಕೋಟೆಯ ಮೇಲೆ ಇಂಗ್ಲಿಷರ ನೌಕಾಪಡೆಯು ದಾಳಿಮಾಡಿತು. ಆ ಚರಿತ್ರೆಯಲ್ಲಿ ಚಿತ್ರಕ್ಕೆ ಬೇಕಾದುದು ಹೆಸರೊಂದೇ.

ಇಂಥ ಚಿತ್ರಗಳಲ್ಲಿ ಪ್ರಾಣಿಗಳಿಗೂ ಇದೇ ಪಾಡು. ೧೯೩೨ರಲ್ಲಿ ತೆರೆಗೆ ಬಂದ ಟಾರ್ಜಾನನ ಚಿತ್ರವು ಆಫ್ರಿಕಾದ ಕಥೆ. ಆದರೆ ಪಳಗಿಸಿದ ಆನೆಗಳು ದೊರೆತುದು ನಮ್ಮ ಏಷ್ಯಾದ ಜಾತಿಯವು. ಅದಕ್ಕಾಗಿ ಆ ಸಾಧುಪ್ರಾಣಿಗಳಿಗೆ ಮೊರದಂಥ ಕೃತಕ ಕಿವಿಗಳನ್ನು ಕಟ್ಟಿದರು. ದಸರೆಯ ಆನೆಯನ್ನು ಹತ್ತಿರದಿಂದ ಕಂಡ ಮೈಸೂರಿನ ಮಗುವಿಗೆ ಈ ಮೋಸವು ಒಂದು ನಿಮಿಷದಲ್ಲಿ ತಿಳಿದುಹೋಗುತ್ತದೆ. ಇನ್ನು ಧ್ವನಿಯ ವಿಷಯ. ಹಲವು ಕಾಡಿನ ಚಿತ್ರಗಳಲ್ಲಿ ಮರಗಳ ಮೇಲಿನಿಂದ ವಿಕಟವಾಗಿ ನಕ್ಕಂತೆ ಒಂದು ಕೂಗು ಕೇಳಿಬರುವುದಷ್ಟೆ. ಅದು ಕೂಕಬರ ಎಂಬ ಹಕ್ಕಿಯದು. ಅದರ ದೇಶ ಆಸ್ಟ್ರೇಲಿಯಾ. ಕಥೆ ಆಫ್ರಿಕಾದಲ್ಲಿ ನಡೆಯಲಿ, ದಕ್ಷಿಣ ಅಮೆರಿಕಾದಲ್ಲಿ ನಡೆಯಲಿ, ಆ ಹಕ್ಕಿಗೆ ಬಿಡುವಿಲ್ಲ. ಬಾನುಲಿಯ ಮುಂದೆ ಕುಳಿತು ಕಿವಿಯಿಂದಲೇ ಲೋಕವನ್ನು ನೋಡುವ ಅಭ್ಯಾಸವಿರುವ ತಮಗೆ ಇದು ಸಣ್ಣ ತಪ್ಪಾಗಿ ತೋರಲಾರದು.

ಹೀಗೆ ನಾವು ತಪ್ಪುಗಳನ್ನು ಎಣಿಸುತ್ತ, ಒಬ್ಬರಿಗಿಂತ ಒಬ್ಬರು ಜಾಣರಾಗುತ್ತ ಕುಳಿತಿರುವಾಗ, ಮಿತ್ರರ ತಾಯಿಯವರು ಕೇಳಿದರು:

“ಅಲ್ಲ ಕಣ್ರಪ್ಪಾ, ಆಗಲಿಂದ ನೋಡ್ತಾ ಇದೀನಿ. ಆ ಯಮ್ಮನ ಜೊತೇಲಿ ಸಾಮಾನು ಹೊತ್ಕೊಂಡು ಕಾಡೊಳಕ್ಕೆ ಬಂದ್ರಲ್ಲ, ಅವರೆಲ್ಲ ಏನಾದ್ರು?”

ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಅಂಬಿಗರು, ಹೊರೆಯಾಳುಗಳು, ದಾರಿ ತೋರುವವರು, ಇವರ ಗೊಡವೆ ಕಥೆಗೆ ಇರಲಿಲ್ಲ, ನಮಗೂ ಇರಲಿಲ್ಲ. “ಅಷ್ಟೇ ಅಮ್ಮ, ಆಮೇಲೆ ಅವರನ್ನು ತೋರಿಸೋದಿಲ್ಲ” ಎಂದೆವು. “ಊಟನಾದ್ರೂ ಹಾಕಿದ್ರೋ ಇಲ್ಲವೋ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಅವರು ಸುಮ್ಮನಾದರು.

ಆ ಮಾತು ಕೇಳಿದ ಮೇಲೆ ಚಿತ್ರವು ಬೇರೆಯಾಗಿ ಕಾಣತೊಡಗಿತು. ನಾಯಕ ನಾಯಿಕೆಯರನ್ನು ಬಿಟ್ಟು, ಬಾಗಿಲುಗಳ ಪಕ್ಕದಲ್ಲಿ, ಚಿತ್ರದ ಅಂಚಿನಲ್ಲಿ ನಿಂತವರನ್ನು ನೋಡಿದೆವು. ರಾಜನ ಬಂಟನಾದ ಓಸ್ಮಾನನ ವೇಷದಲ್ಲಿ ಎತ್ತರವಾದ, ಗಂಭೀರಾಕೃತಿಯ ಒಬ್ಬ ನಟನಿದ್ದಾನೆ. ಅವನ ಹೆಸರು ನೋಬಲ್ ಜಾನ್ಸನ್. ಅವನು ಬೋರ್ನಿಯೋವಿನವನಲ್ಲ, ಅಮೆರಿಕಾದ ನೀಗ್ರೋ ಜನಾಂಗದವನೆಂದು ಅಂದಿನವರು ಕರೆಯುತ್ತಿದ್ದ, ಇಂದು ಆಫ್ರಿಕನ್ ಅಮೆರಿಕನ್ ಎಂದು ಕರೆಯುವ ಸಮಾಜದವನು. ತನ್ನ ಜನರ ಬಾಳನ್ನು ತನ್ನ ಜನರೇ ಚಿತ್ರಿಸಬೇಕೆಂದು ೧೯೧೬ರಲ್ಲಿ ತನ್ನ ಸೋದರನೊಡನೆ ಲಿಂಕನ್ ಎಂಬ ಹೆಸರಿನ ಚಿತ್ರಸಂಸ್ಥೆಯನ್ನು ಸ್ಥಾಪಿಸಿದವನು ಈತ. ಅಂಥವನು ೧೯೩೧ರಲ್ಲಿ ಮರುಡುವಿನ ಬಂಟನಾಗಿ ನಿಂತಿದ್ದಾನೆ. ೧೯೩೩ರ ‘ಕಿಂಗ್ ಕಾಂಗ್’ ಚಿತ್ರದಲ್ಲಿ ಕಾಡುಜನರ ನಾಯಕನಾಗುತ್ತಾನೆ. ರಾಜನ ಪಾತ್ರ ಮಾಡಿದ ಜಾರ್ಜ್ ರೆನವಾನ್ ಫ್ರಾನ್ಸಿನವನು. ಅಂತಃಪುರದ ಹೆಣ್ಣಾಗಿ ಬರುವ ಲುಪೀಟಾ ತೋವಾರ್ ಮೆಕ್ಸಿಕೋ ದೇಶದವಳು. ಮರುಡುವಿನ ಪ್ರಮುಖರಾಗಿ ಮೂರು ದೇಶದವರು ಬಂದಿದ್ದಾರೆ; ಆ ದ್ವೀಪದವನೊಬ್ಬನೂ ಇಲ್ಲ.

ಇದೇ ಚಿತ್ರಕ್ಕೆ ಸಂಬಂಧಿಸಿದ ಮತ್ತೊಂದು ಸಂಗತಿಯುಂಟು. ನ್ಯೂಯಾರ್ಕಿನಲ್ಲಿ ಜೋಸೆಫ್ ಕಾರ್ನೆಲ್ ಎಂಬ ಕಲಾವಿದನಿದ್ದನು. ಹಳೆಯ ಸಾಮಾನುಗಳನ್ನು ಆರಿಸಿ ತಂದು ಸಣ್ಣ ಪೆಟ್ಟಿಗೆಗಳಲ್ಲಿ ಜೋಡಿಸುವುದು ಅವನ ಕಲೆ. ಅವನಿಗೆ ‘ಈಸ್ಟ್ ಆಫ್ ಬೋರ್ನಿಯೋ’ ಚಿತ್ರದ ಒಂದು ಪ್ರತಿ ಸಿಕ್ಕಿತು. ನಾಯಿಕೆಯಾಗಿದ್ದ ರೋಸ್ ಹೋಬಾರ್ಟಳ ಮುಖವು ಅವನ ಮನಸ್ಸನ್ನು ಸೆರೆಹಿಡಿಯಿತು. ಅವನು ಕತ್ತರಿ ತೆಗೆದುಕೊಂಡು, ಆಕೆ ಇರುವ ತುಣುಕುಗಳನ್ನೇ ಬಹುಮಟ್ಟಿಗೆ ಉಳಿಸಿ, ಕಥೆಯನ್ನೆಲ್ಲ ಬಿಸುಟು, ಸುಮಾರು ೧೯ ನಿಮಿಷಗಳ ಒಂದು ಚಿತ್ರವನ್ನು ಮಾಡಿದನು. ನೀಲಿ ಗಾಜಿನ ಮೂಲಕ ಬೆಳಕನ್ನು ಹಾಯಿಸಿ, ಮಾತುಗಳನ್ನು ಅಡಗಿಸಿ, ಗ್ರಾಮಫೋನಿನ ಸಂಗೀತದೊಡನೆ ೧೯೩೬ರಲ್ಲಿ ಅದನ್ನು ತೋರಿಸಿದನು. ಸಾಲ್ವಡಾರ್ ಡಾಲಿ ಎಂಬ ಪ್ರಖ್ಯಾತ ಚಿತ್ರಕಾರನು ಅದನ್ನು ನೋಡಿ, ತನ್ನ ಮನಸ್ಸಿನಲ್ಲಿದ್ದುದನ್ನೇ ಈತನು ಕದ್ದನೆಂದು ಕೋಪದಿಂದ ಕೂಗಾಡಿದನಂತೆ. ಹೀಗೆ ಮೂಲಚಿತ್ರವು ಮರೆತುಹೋಯಿತು. ಕತ್ತರಿಸಿದ ಚಿತ್ರವು ಕಲಾಶಾಲೆಗಳಲ್ಲಿ ಉಳಿಯಿತು. ಯಾವ ಹಳೆಯ ಚಿತ್ರವಾದರೂ ನೋಡುವವನ ಕಣ್ಣಿಗೆ ಅಧೀನವೆಂಬುದಕ್ಕೆ ಇದು ನಿದರ್ಶನ. ನರಸೀಪುರದ ಪಡಸಾಲೆಯಲ್ಲಿ ಮಣೆಯ ಮೇಲೆ ಕುಳಿತಿದ್ದ ಆ ವೃದ್ಧಮಾತೆಯೂ ಕಾರ್ನೆಲ್ಲನ ಕೆಲಸವನ್ನೇ ಮಾಡಿದರು. ಅವರ ಕೈಯಲ್ಲಿ ಕತ್ತರಿಯಿರಲಿಲ್ಲ, ಅಷ್ಟೆ. ಅವನು ನಾಯಿಕೆಯನ್ನು ಉಳಿಸಿಕೊಂಡನು. ಇವರು ಹೊರೆಯಾಳುಗಳನ್ನು ಉಳಿಸಿಕೊಂಡರು.

ಈಗ ನಾವು ಬೋರ್ನಿಯೋವನ್ನು ಬಿಟ್ಟು ನಮ್ಮ ಹೊಳೆಗೆ ಹಿಂದಿರುಗಬೇಕು. ನರಸೀಪುರದಿಂದ ಕಪಿಲೆಯ ಗುಂಟ ಮೇಲಕ್ಕೆ ಹೊರಟರೆ ನಂಜನಗೂಡು. ಇನ್ನೂ ಮೇಲೆ ಸರಗೂರು. ಅದರಾಚೆ ಹೆಗ್ಗಡದೇವನಕೋಟೆ ಸೀಮೆಯ ಕಾಡು, ಕಾರಾಪುರ, ಕಾಕನಕೋಟೆ. ಅಲ್ಲಿಗೇ ೧೯೩೫ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕಾದ ನಿರ್ದೇಶಕನು ಬಂದನು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಬಾನುಲಿಯನ್ನು ಪ್ರಾರಂಭಿಸಿದ ವರ್ಷವೂ ಅದೇ. ಲಂಡನ್ನಿನ ಅಲೆಗ್ಸಾಂಡರ್ ಕೋರ್ಡಾ ಎಂಬವರ ಸಂಸ್ಥೆಗಾಗಿ, ಕಿಪ್ಲಿಂಗನ ಕಥೆಯೊಂದನ್ನು ಆಧರಿಸಿ, ‘ಎಲಿಫೆಂಟ್ ಬಾಯ್’ ಎಂಬ ಚಿತ್ರವನ್ನು ತೆಗೆಯಲು ಬಂದವನು ಈತ. ನಾಯಕನಾಗಿ ಅವರಿಗೆ ದೊರೆತ ಹುಡುಗನು ಸಾಬು: ೧೯೨೪ರಲ್ಲಿ ಕಾರಾಪುರದಲ್ಲಿ ಹುಟ್ಟಿದವನು, ಮಾವುತನ ಮಗ, ತಂದೆತಾಯಿಗಳನ್ನು ಕಳೆದುಕೊಂಡು ಅರಮನೆಯ ಗಜಶಾಲೆಯ ಆಶ್ರಯದಲ್ಲಿ ಬೆಳೆಯುತ್ತಿದ್ದವನು. ಚಿತ್ರವು ೧೯೩೭ರಲ್ಲಿ ಬಿಡುಗಡೆಯಾಯಿತು. ಅದೇ ವರ್ಷ ವೆನಿಸ್ ನಗರದ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿಯನ್ನೂ ಪಡೆಯಿತು. ಒಮ್ಮೆಯಾದರೂ ನಮ್ಮ ಕಾಡಿನ ಹುಡುಗನೊಬ್ಬನು ಚಿತ್ರದ ನಟ್ಟನಡುವೆ, ಆನೆಯ ಕುತ್ತಿಗೆಯ ಮೇಲೆ, ನೆಟ್ಟಗೆ ಕುಳಿತು ಲೋಕಕ್ಕೆ ಕಾಣಿಸಿಕೊಂಡನು.

ಮುಂದಿನ ಕಥೆಯನ್ನು ನೆನೆದರೆ ಮನಸ್ಸಿಗೆ ವಿಚಿತ್ರವೆನಿಸುತ್ತದೆ. ಸಾಬು ಇಂಗ್ಲೆಂಡಿಗೂ ಅಲ್ಲಿಂದ ಅಮೆರಿಕಾಕ್ಕೂ ಹೋದನು. ೧೯೪೨ರ ‘ಜಂಗಲ್ ಬುಕ್’ ಚಿತ್ರಕ್ಕಾಗಿ ಕ್ಯಾಲಿಫೋರ್ನಿಯಾದಲ್ಲಿ ಕೃತಕವಾದ ಕಾಡನ್ನು ಕಟ್ಟಿದರು. ಕಪಿಲೆಯ ದಡದ ನಿಜವಾದ ಕಾಡಿನಲ್ಲಿ ಹುಟ್ಟಿದವನು ಕಟ್ಟಿದ ಕಾಡಿನಲ್ಲಿ ಓಡಾಡಿ ಲೋಕವನ್ನು ನಂಬಿಸಿದನು. ಆಮೇಲೆ ಯೂನಿವರ್ಸಲ್ ಸಂಸ್ಥೆಯವರ ಬಣ್ಣಬಣ್ಣದ ಚಿತ್ರಗಳಲ್ಲಿ, ೧೯೪೪ರ ‘ಕೋಬ್ರಾ ವುಮನ್’ ಮೊದಲಾದುವುಗಳಲ್ಲಿ, ನಾಯಕನು ಬೇರೊಬ್ಬನು. ಸಾಬು ಅವನ ನೆಚ್ಚಿನ ಸಂಗಡಿಗ. ಯುದ್ಧದಲ್ಲಿ ಅಮೆರಿಕಾದ ವಿಮಾನದಳದಲ್ಲಿ ಗುಂಡಿಗನಾಗಿ ಹೋರಾಡಿ ಪದಕವನ್ನು ಗಳಿಸಿಕೊಂಡವನಿಗೂ ತೆರೆಯ ಮೇಲೆ ದೊರೆತ ವೇಷಗಳು ಬಹುಮಟ್ಟಿಗೆ ಕಾಡಿನವೇ. ೧೯೬೩ರ ಡಿಸೆಂಬರಿನಲ್ಲಿ, ೩೯ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡನು. ನಟ್ಟನಡುವಿನಿಂದ ಅಂಚಿನವರೆಗಿನ ಈ ಪಯಣಕ್ಕೆ ಹಿಡಿದುದು ಕೆಲವೇ ವರ್ಷಗಳು.

ಇಷ್ಟು ಹೇಳಿ ಹಾಲಿವುಡ್ಡಿನವರನ್ನು ಬೈದು ಮುಗಿಸಿಬಿಟ್ಟರೆ ನಮಗೆ ಸುಖವಾಗುತ್ತಿತ್ತು. ಆದರೆ ಹೊಳೆಯ ಕೆಳಗಿನ ಊರುಗಳವರಾದ ನಾವು ಹೊಳೆಯ ಮೇಲಿನ ಕಾಡನ್ನು ಹೇಗೆ ನೋಡಿದ್ದೇವೆ? ಖೆಡ್ಡಾ ಎಂಬ ಮಾತು ತಮಗೆಲ್ಲ ಪರಿಚಿತ. ೧೮೭೪ರಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿ ಚಾಮರಾಜನಗರದ ಸೀಮೆಯಲ್ಲಿ ಆನೆಯ ಹಿಂಡನ್ನು ಹಿಡಿದುದು ಈ ಸಂಸ್ಥಾನದಲ್ಲಿ ಅದಕ್ಕೆ ಮೊದಲು. ಮುಂದೆ ಕಾಕನಕೋಟೆಯ ಖೆಡ್ಡಾ ಲೋಕಪ್ರಸಿದ್ಧವಾಯಿತು. ಹಿಂಡನ್ನು ಕಪಿಲೆಗೆ ಇಳಿಸಿ ಹಾಯಿಸುವ ನೋಟಕ್ಕಾಗಿ ದೊಡ್ಡ ಅತಿಥಿಗಳು ಬರುತ್ತಿದ್ದರು. ಅವರು ಕುಳಿತು ನೋಡಲು ಅಟ್ಟಣೆಗಳನ್ನು ಕಟ್ಟುತ್ತಿದ್ದರು. ೧೯೦೬ರಲ್ಲಿ ವೇಲ್ಸಿನ ರಾಜಕುಮಾರನು ಬಂದು ನೋಡಿದನು. ಇದು ನಡೆಯಬೇಕಾದರೆ ಆನೆಯ ಜಾಡು ಹಿಡಿದವರು, ಬೆಂಕಿ ಹಾಕಿ ರಾತ್ರಿಯೆಲ್ಲ ಕಾದವರು, ತಮಟೆ ಬಡಿದು ಹಿಂಡನ್ನು ತಿರುಗಿಸಿದವರು, ಜೇನುಕುರುಬರೇ ಮೊದಲಾದ ಕಾಡಿನ ಜನರು. ಅತಿಥಿಗಳ ಹೆಸರು ಗ್ರಂಥಗಳಲ್ಲಿದೆ. ಇವರ ಹೆಸರು ಎಷ್ಟು ಕಡೆ ಇದೆ?

ಕೊನೆಯ ಖೆಡ್ಡಾ ೧೯೭೧ರಲ್ಲಿ ನಡೆಯಿತು. ೧೯೭೪ರಲ್ಲಿ ಕಬಿನಿಯ ಅಣೆಕಟ್ಟು ಪೂರ್ತಿಯಾಗಿ, ಹಳ್ಳಿಗಳೂ ಹಾಡಿಗಳೂ ಹಳೆಯ ಖೆಡ್ಡಾ ನಡೆಯುತ್ತಿದ್ದ ನೆಲವೂ ನೀರಿನ ಕೆಳಗೆ ಹೋದುವು. ಕೆಳಗಿನ ನಮ್ಮ ಗದ್ದೆಗಳಿಗೆ ನೀರು ಬಂದಿತು. ಅದನ್ನು ನಾವು ಅಲ್ಲಗಳೆಯಲಾರೆವು. ಬೇಸಗೆಯಲ್ಲಿ ಜಲಾಶಯದ ನೀರು ಇಳಿದಾಗ ಮುಳುಗಿದ್ದ ಮರಗಳ ಬೋಳು ಬೊಡ್ಡೆಗಳು ಮೇಲೆ ಕಾಣುತ್ತವೆ. ಪ್ರವಾಸಿಗಳು ಅವುಗಳ ಫೋಟೋ ತೆಗೆದುಕೊಂಡು ಸೊಗಸೆನ್ನುತ್ತಾರೆ. ಕಾಡಿನವರಿಗೆ ಮಾತು ಕೊಟ್ಟವರು ನಮ್ಮಲ್ಲಿ ಇಲ್ಲವೆಂದಲ್ಲ; ಮಾಸ್ತಿಯವರು ‘ಕಾಕನಕೋಟೆ’ ನಾಟಕವನ್ನು ಬರೆದು ಕುರುಬರನ್ನು ರಂಗದ ನಡುವೆ ನಿಲ್ಲಿಸಿದರು; ೧೯೭೭ರಲ್ಲಿ ಸಿ. ಆರ್. ಸಿಂಹ ಅವರು ಅದನ್ನು ಚಿತ್ರವನ್ನಾಗಿ ತೆಗೆದರು. ಆದರೆ ಅಂಥವು ಎಣಿಕೆಗೆ ಸಿಕ್ಕುವಷ್ಟು. ಉಳಿದಂತೆ ನಮ್ಮ ಕಾಡಿನ ಚಿತ್ರಗಳಲ್ಲಿಯೂ ಹೊರೆಯಾಳುಗಳು ಒಂದು ಹಾಡಿಗೆ ಕುಣಿದು ಮರೆಯಾಗುವವರೇ ಹೆಚ್ಚು.

ಚಿತ್ರವು ಮುಗಿದು ದೀಪ ಹಾಕಿದ ಮೇಲೆ, ಇಳಿಸಿದ್ದ ಪಟಗಳನ್ನು ಮತ್ತೆ ಗೋಡೆಗೆ ಹಾಕುವ ಕೆಲಸ ನಮ್ಮ ಪಾಲಿಗೆ ಬಂದಿತು. ಒಂದು ಪಟವನ್ನು ಎತ್ತಿಕೊಂಡಾಗ ಅಮ್ಮನವರು “ಅದನ್ನ ಇಲ್ಲಿ ಕೊಡಿ” ಎಂದು ಕೇಳಿ ಕೈಗೆ ತೆಗೆದುಕೊಂಡರು. ಹಳದಿಗಟ್ಟಿದ ಒಂದು ಛಾಯಾಚಿತ್ರ: ಕಾಡಿನ ನಡುವೆ ಒಂದು ಬಿಡಾರ, ಕುರ್ಚಿಗಳಲ್ಲಿ ಟೋಪಿ ಧರಿಸಿದ ದೊರೆಗಳು, ಹಿಂದೆ ಕಟ್ಟಿಹಾಕಿದ ಆನೆ. ಬಲಗಡೆಯ ಅಂಚಿನಲ್ಲಿ, ಎತ್ತಿನ ನೊಗದ ಮೇಲೆ ಕೈಯಿಟ್ಟು, ಅರ್ಧ ಮುಖವು ಚಿತ್ರದ ಹೊರಗೆ ಉಳಿದುಹೋದ ಒಬ್ಬ ತೆಳ್ಳನೆಯ ಮನುಷ್ಯ. ಅಮ್ಮನವರ ತವರು ಸರಗೂರಿನ ಕಡೆ. ಖೆಡ್ಡಾದ ಬಿಡಾರಕ್ಕೆ ಅಕ್ಕಿ ಹುಲ್ಲು ಸಾಗಿಸಲು ಆ ಕಡೆಯ ಗಾಡಿಗಳನ್ನು ಹಿಡಿಯುತ್ತಿದ್ದರಂತೆ.

“ನಮ್ಮಪ್ಪ” ಎಂದರು. “ಪೂರಾ ಮುಖ ಇರೋದು ಒಂದೂ ಇಲ್ಲ. ಇದೊಂದೇ.”

ಸೆರಗಿನಿಂದ ಗಾಜನ್ನು ಒರಸಿ ನಮ್ಮ ಕೈಗೆ ಕೊಟ್ಟರು. ಒಂದೂಕಾಲು ಗಂಟೆಯ ಹೊತ್ತು ಆ ಪಟವನ್ನು ಬೋರಲು ಮಲಗಿಸಿ, ಅದು ಇದ್ದ ಗೋಡೆಯ ಮೇಲೆ ಬೋರ್ನಿಯೋವಿನ ರಾಜನನ್ನು ಕಂಡು ನಗುತ್ತ ಕುಳಿತಿದ್ದೆವು ನಾವು. ನಮ್ಮಲ್ಲೊಬ್ಬರು ಮೊಳೆಯನ್ನು ಭದ್ರಪಡಿಸಿದರು. ಇನ್ನೊಬ್ಬರು ಪಟವು ಸಮನಾಗಿದೆಯೇ ಎಂದು ದೂರ ನಿಂತು ನೋಡಿದರು. ಕೂಕಬರ ಹಕ್ಕಿಯ ವಿಚಾರವನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮರುದಿನ ಬೆಳಗ್ಗೆ ನಂಜನಗೂಡಿಗೆ ಹಿಂದಿರುಗುವ ಮುನ್ನ ಸಂಗಮದ ಕಡೆಗೆ ಹೋಗಿ ಬಂದೆವು. ಹರಿಗೋಲಿನವನೊಬ್ಬನು ನಾಲ್ಕು ಜನರನ್ನು ಕೂರಿಸಿಕೊಂಡು ಹೊಳೆಯನ್ನು ಹಾಯಿಸುತ್ತಿದ್ದನು. ಕುಳಿತವರು ನೀರನ್ನೂ ದೇವಸ್ಥಾನದ ಗೋಪುರವನ್ನೂ ನೋಡುತ್ತಿದ್ದರು. ನಾವು ದಡದಲ್ಲಿ ನಿಂತು ಹುಟ್ಟು ಹಾಕುತ್ತಿದ್ದವನನ್ನು ನೋಡಿದೆವು.

ಹಳೆಯ ಕಾಡಿನ ಚಿತ್ರಗಳು ಈಗ ಯಾರಿಗೆ ಬೇಕಾದರೂ ಮನೆಯಲ್ಲಿಯೇ ದೊರೆಯುತ್ತವೆ. ಅವಕಾಶವಾದರೆ ತಾವೂ ಒಂದನ್ನು ನೋಡಬೇಕೆಂದು ನಮ್ಮ ಕೋರಿಕೆ. ಧಾರಾಳವಾಗಿ ನಗಿರಿ, ನಗುವುದಕ್ಕೆ ಅವುಗಳಲ್ಲಿ ಬೇಕಾದಷ್ಟಿದೆ. ನಗುತ್ತಿರುವಾಗಲೇ ಒಂದೆರಡು ಸಲ ದೃಷ್ಟಿಯನ್ನು ತೆರೆಯ ಅಂಚಿಗೂ ಹಾಯಿಸಿ, ಅಲ್ಲಿ ನಿಂತವರು ಯಾರು, ಅವರು ಮುಂದೆ ಏನಾದರು ಎಂದು ಕೇಳಿಕೊಳ್ಳಿರಿ. ಆಮೇಲೆ ತಮ್ಮ ಮನೆಯ ಗೋಡೆಯ ಮೇಲಿನ ಪಟಗಳನ್ನೂ ಒಮ್ಮೆ ಹಾಗೆಯೇ ನೋಡಿರಿ.